ಅರ್ಧ ಗಂಟೆಯ ನೂಲು

ಕಳೆದ ವರ್ಷ ಜೂನಿನಲ್ಲಿ ನಮ್ಮ ಕಾಲೇಜಿನಲ್ಲಿ ಎರಡು ದಿನದ ನಾಯಕತ್ವ ತರಬೇತಿ ನಡೆಯಿತು. ನಾನು ಆಗಷ್ಟೇ ಇತಿಹಾಸ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಯೋಗ್ಯತೆಯಿಂದೇನೂ ಅಲ್ಲ, ನನಗಿಂತ ಹಿರಿಯರಾಗಿದ್ದವರು ನಿವೃತ್ತರಾದರು, ಅಷ್ಟೇ. ತರಬೇತಿ ಕೊಡಲು ಬಂದವರು ಒಳ್ಳೆಯ ಮಾತುಗಾರರು. ದೊಡ್ಡ ದೊಡ್ಡ ಗುರಿ ಇಟ್ಟುಕೊಂಡು ಯಾರೂ ನಾಯಕರಾಗುವುದಿಲ್ಲ, ದಿನಕ್ಕೆ ಹತ್ತು ನಿಮಿಷದ ಒಂದು ಅಭ್ಯಾಸ ಸಾಕು ಎಂದರು. ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಅದರಲ್ಲಿ ಮೂವತ್ತು ಚೌಕಗಳು. ಒಂದು ಅಭ್ಯಾಸ ಆರಿಸಿಕೊಂಡು ದಿನಾ ಮಾಡಬೇಕು, ಮಾಡಿದ ದಿನದ ಚೌಕಕ್ಕೆ ಟಿಕ್ ಹಾಕಬೇಕು, ತಿಂಗಳ ಕೊನೆಗೆ ಹಾಳೆಯನ್ನು ಕಚೇರಿಗೆ ಒಪ್ಪಿಸಬೇಕು. ನಾನು ಆರಿಸಿಕೊಂಡದ್ದು, ದಿನಕ್ಕೆ ಹತ್ತು ನಿಮಿಷ ಯಾರಾದರೂ ಒಬ್ಬ ವಿದ್ಯಾರ್ಥಿಯ ಮಾತನ್ನು ನಡುವೆ ಬಾಯಿ ಹಾಕದೆ ಕೇಳುವುದು.

ಆ ಹಾಳೆಯ ಗತಿ ಏನಾಯಿತೆಂದು ಆಮೇಲೆ ಹೇಳುತ್ತೇನೆ. ಅವತ್ತು ಅದನ್ನು ಕೈಯಲ್ಲಿ ಹಿಡಿದಾಗ ನನಗೆ ನೆನಪಾದದ್ದು ನನ್ನ ಊರು ಬೆಳಗಾವಿ. ಹೆಚ್ಚುಕಡಿಮೆ ಇಂಥದೇ ಒಂದು ಲೆಕ್ಕ ಹಿಂದೊಮ್ಮೆ ದೇಶದ ದೊಡ್ಡ ದೊಡ್ಡ ನಾಯಕರಿಗೆಲ್ಲ ಅನ್ವಯವಾಗಿತ್ತು. ಅದನ್ನು ತೀರ್ಮಾನಿಸಿದ್ದು ನಮ್ಮ ಟಿಳಕವಾಡಿಯಲ್ಲಿ, ನಾನು ಚಿಕ್ಕವಳಿದ್ದಾಗ ದಿನಾ ಶಾಲೆಗೆ ನಡೆದುಹೋಗುತ್ತಿದ್ದ ದಾರಿಯ ಪಕ್ಕದಲ್ಲಿ.

ಬೆಳಗಾವಿ ಕಾಂಗ್ರೆಸ್ ಎಂದರೆ ನಮ್ಮವರಿಗೆ ಕೆಲವು ಸಂಗತಿಗಳು ಬಾಯಿಪಾಠ. 1924ರ ಡಿಸೆಂಬರ್ 26 ಮತ್ತು 27. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ. ಅಧಿವೇಶನದ ನಗರಕ್ಕೆ ವಿಜಯನಗರ ಎಂದು ಹೆಸರು, ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರ ಎಂದು ಹೆಸರು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಅಲ್ಲಿ ಮೊಳಗಿತು, ಬಾಲಕಿ ಗಂಗೂಬಾಯಿ ಹಾನಗಲ್ ಅಲ್ಲಿ ಹಾಡಿದರು. ನೂರು ವರ್ಷ ತುಂಬಿದ 2024ರ ಡಿಸೆಂಬರಿನಲ್ಲಿ ಊರೆಲ್ಲ ದೀಪ ಹಾಕಿದಾಗ ಇವೆಲ್ಲ ಮತ್ತೆ ನೆನಪಾದವು. ಆದರೆ ಆ ಎರಡು ದಿನ ಅಲ್ಲಿ ತೀರ್ಮಾನವಾದದ್ದೇನು ಎಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ತಡವರಿಸುವುದು ಸಹಜ. ಆ ತೀರ್ಮಾನ ಒಂಬತ್ತು ತಿಂಗಳೂ ನಿಲ್ಲಲಿಲ್ಲ.

ತೀರ್ಮಾನ ಇಷ್ಟು: ಇನ್ನು ಮುಂದೆ ಕಾಂಗ್ರೆಸ್ ಸದಸ್ಯರಾಗಬೇಕಾದರೆ ವರ್ಷಕ್ಕೆ ನಾಲ್ಕಾಣೆ ಕೊಟ್ಟರೆ ಸಾಲದು. ತಿಂಗಳಿಗೆ 2000 ಗಜ ನೂಲು ಕೊಡಬೇಕು, ಕಾಂಗ್ರೆಸ್ಸಿನ ಕೆಲಸದಲ್ಲಿದ್ದಾಗ ಕೈನೂಲಿನ ಖಾದಿಯನ್ನೇ ಉಡಬೇಕು.

2000 ಗಜ ಎಂದರೆ ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ತಿಂಗಳಿಗೆ ಹಂಚಿದರೆ ದಿನಕ್ಕೆ ಸುಮಾರು 67 ಗಜ. ಕೈ ಪಳಗಿದವರಿಗೆ ರಾಟೆಯ ಮುಂದೆ ಅರ್ಧ ಗಂಟೆ ಸಾಕು. ಗಾಂಧೀಜಿಯ ಲೆಕ್ಕವೂ ಅದೇ ಆಗಿತ್ತು, ದಿನಕ್ಕೆ ಅರ್ಧ ಗಂಟೆ.

ಈ ಅರ್ಧ ಗಂಟೆ ಎಲ್ಲಿಂದ ಬಂತು ಎನ್ನುವುದಕ್ಕೆ ಆ ವರ್ಷದ ಆರಂಭಕ್ಕೆ ಹೋಗಬೇಕು. 1922ರ ಮಾರ್ಚಿನಲ್ಲಿ ಆರು ವರ್ಷದ ಶಿಕ್ಷೆಯಾಗಿ ಯರವಡಾ ಸೇರಿದ್ದ ಗಾಂಧೀಜಿಗೆ 1924ರ ಜನವರಿಯಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆ ಆಯಿತು. ಫೆಬ್ರುವರಿಯಲ್ಲಿ ಸರ್ಕಾರ ಬಿಡುಗಡೆ ಮಾಡಿತು. ಹೊರಗೆ ಬಂದು ನೋಡಿದರೆ ಕಾಂಗ್ರೆಸ್ಸು ಎರಡು ಹೋಳು. ಚಿತ್ತರಂಜನ ದಾಸರು, ಮೋತಿಲಾಲ್ ನೆಹರು ಮುಂತಾದ ಸ್ವರಾಜ್ಯ ಪಕ್ಷದವರು ಶಾಸನಸಭೆಗಳ ಒಳಗೆ ಹೋಗಿ ಹೋರಾಡೋಣ ಎನ್ನುತ್ತಿದ್ದರು. ಉಳಿದವರು ಹೊರಗೇ ಇರೋಣ ಎನ್ನುತ್ತಿದ್ದರು. ಅಸಹಕಾರದ ಬಿಸಿ ಆರಿತ್ತು. ಹಿಂದೂ ಮುಸ್ಲಿಂ ಗಲಭೆಗಳು ಹೆಚ್ಚಿದ್ದವು. ಠರಾವುಗಳಿಗೇನೂ ಬರವಿರಲಿಲ್ಲ. ಬರವಿದ್ದದ್ದು ಠರಾವಿನ ಮರುದಿನ ಬೆಳಗ್ಗೆ ಎದ್ದು ಮಾಡುವ ಕೆಲಸಕ್ಕೆ.

ಆ ಜೂನಿನಲ್ಲಿ ಅಹಮದಾಬಾದಿನಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿದಾಗ ಗಾಂಧೀಜಿ ಒಂದು ಠರಾವು ತಂದರು. ಕಾಂಗ್ರೆಸ್ಸಿನ ಚುನಾಯಿತ ಪ್ರತಿನಿಧಿಗಳು ದಿನಾ ಕನಿಷ್ಠ ಅರ್ಧ ಗಂಟೆ ನೂಲಬೇಕು, ತಾವು ನೂತ 2000 ಗಜ ನೂಲನ್ನು ಪ್ರತಿ ತಿಂಗಳ 15ರೊಳಗೆ ಖಾದಿ ಮಂಡಳಿಗೆ ಕಳಿಸಬೇಕು, ತಪ್ಪಿದರೆ ಸ್ಥಾನ ಖಾಲಿ. ಎಲ್ಲ ಸದಸ್ಯರಿಗಲ್ಲ ನೋಡಿ, ಮೊದಲು ನಾಯಕರಿಗೆ. ಈ ಅಂಶವನ್ನು ನಾವು ಮರೆತಿದ್ದೇವೆ. ಬಡವರಿಗೆ ಕೆಲಸ ಕೊಡುವುದು, ವಿದೇಶಿ ಬಟ್ಟೆ ತಡೆಯುವುದು, ಇವೆಲ್ಲ ಚರಕದ ಬಗ್ಗೆ ನಾವು ಪಾಠ ಮಾಡುವ ಕಾರಣಗಳು. 1924ರ ಠರಾವಿನಲ್ಲಿ ಇನ್ನೂ ಒಂದು ಕಾರಣ ಇತ್ತು. ಹಳ್ಳಿಯ ಒಬ್ಬ ಹೆಣ್ಣುಮಗಳು ಹೊಟ್ಟೆಪಾಡಿಗೆ ಮಾಡುವ ಕೆಲಸದಲ್ಲಿ ಅರ್ಧ ಗಂಟೆಯನ್ನಾದರೂ ಅವಳ ಹೆಸರಿನಲ್ಲಿ ಮಾತಾಡುವವನು ಮಾಡಬೇಕು. ಭಾಷಣಕ್ಕೆ ಮುಂಚೆ ಬೆರಳು ನೋಯಬೇಕು.

ಸಭೆಯಲ್ಲಿ ರಂಪವಾಯಿತು. ಮೋತಿಲಾಲ್ ಮತ್ತು ದಾಸರ ಕಡೆಯವರು ಎದ್ದು ಹೊರನಡೆದರು. ಅವರಿಲ್ಲದ ಸಭೆಯಲ್ಲಿ ದಂಡನೆಯ ಷರತ್ತು 67ಕ್ಕೆ 37 ಮತಗಳಿಂದ ಗೆದ್ದಿತು. ಹೊರಹೋದವರು ಇದ್ದಿದ್ದರೆ ಇದು ಬೀಳುತ್ತಿತ್ತು ಎಂದು ಗಾಂಧೀಜಿ ತಾವೇ ಒಪ್ಪಿಕೊಂಡು, ಗೆದ್ದ ಷರತ್ತನ್ನು ಹಿಂದಕ್ಕೆ ಪಡೆದರು. ಆಮೇಲೆ ಯಂಗ್ ಇಂಡಿಯಾದಲ್ಲಿ ಆ ಸಭೆಯ ಬಗ್ಗೆ ಬರೆದ ಲೇಖನಕ್ಕೆ ತಾನು ಸೋತು ತಲೆತಗ್ಗಿಸಿದೆ ಎಂಬರ್ಥದ ತಲೆಬರಹ ಕೊಟ್ಟರು. ಮತ ಎಣಿಕೆಯಲ್ಲಿ ಗೆದ್ದವರು ಹಾಗೆ ಬರೆಯುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸೆಪ್ಟೆಂಬರಿನಲ್ಲಿ ದಿಲ್ಲಿಯಲ್ಲಿ, ಮೌಲಾನಾ ಮಹಮ್ಮದ್ ಅಲಿಯವರ ಮನೆಯಲ್ಲಿ 21 ದಿನದ ಉಪವಾಸ ಹಿಡಿದರು. ಆ ನಿತ್ರಾಣದಲ್ಲೂ ನೂಲುವುದನ್ನು ಬಿಡಲಿಲ್ಲ. ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ದಾಸ್ ಮತ್ತು ಮೋತಿಲಾಲರ ಜೊತೆ ಒಂದು ಒಪ್ಪಂದ ಆಯಿತು. ಅಸಹಕಾರವನ್ನು ನಿಲ್ಲಿಸೋಣ, ಶಾಸನಸಭೆಯ ಕೆಲಸವನ್ನು ಸ್ವರಾಜ್ಯ ಪಕ್ಷದವರು ಕಾಂಗ್ರೆಸ್ಸಿನ ಪರವಾಗಿಯೇ ಮಾಡಲಿ ಎಂದು ಗಾಂಧೀಜಿ ಒಪ್ಪಿದರು. ಪ್ರತಿಯಾಗಿ ಅವರು ನೂಲಿನ ಸದಸ್ಯತ್ವಕ್ಕೆ ಒಪ್ಪಿದರು. ಜೂನಿನಲ್ಲಿ ಪ್ರತಿನಿಧಿಗಳಿಗಷ್ಟೇ ಇದ್ದ ನಿಯಮ ಈಗ ಎಲ್ಲ ಸದಸ್ಯರಿಗೂ ಹಬ್ಬಿತು. ಬೆಳಗಾವಿಯಲ್ಲಿ ಅಂಗೀಕಾರವಾದದ್ದು ಈ ಒಪ್ಪಂದವೇ.

ಆದರೆ ಕಲ್ಕತ್ತೆಯ ಒಪ್ಪಂದದಲ್ಲಿ ಒಂದು ಸಣ್ಣ ಸಂದು ಇತ್ತು. ಸದಸ್ಯನು ತಾನೇ ನೂತ 2000 ಗಜ ಕೊಡಬೇಕು, ಕಾಯಿಲೆಯಿಂದಲೋ ಮನಸ್ಸಿಲ್ಲದ್ದರಿಂದಲೋ ಅಂಥ ಇನ್ನಾವುದಾದರೂ ಕಾರಣದಿಂದಲೋ ಆಗದಿದ್ದರೆ ಬೇರೆಯವರು ನೂತ ಅಷ್ಟೇ ನೂಲನ್ನು ಕೊಡಬಹುದು. ಮನಸ್ಸಿಲ್ಲದಿದ್ದರೆ! ಈ ಪದವನ್ನು ಮೊದಲ ಸಲ ಓದಿದಾಗ ನಾನು ಜೋರಾಗಿ ನಕ್ಕಿದ್ದೆ. ನಿಯಮದ ಒಳಗೇ ಅದನ್ನು ಮುರಿಯುವ ಪರವಾನಗಿ. ಮನಸ್ಸಿಲ್ಲದವರನ್ನೂ ಒಳಗಿಟ್ಟುಕೊಳ್ಳಬೇಕು, ಒಡೆದ ಮನೆ ಕೂಡಬೇಕು ಎಂಬುದು ಗಾಂಧೀಜಿಯ ತುರ್ತು. ಅದು ಅರ್ಥವಾಗುತ್ತದೆ. ಆದರೆ ಆ ಒಂದು ಪದದ ಮೂಲಕ ಅರ್ಧ ಗಂಟೆ ಸೋರಿಹೋಯಿತು.

ಆದದ್ದು ಆಗಬೇಕಾದದ್ದೇ. ವಕೀಲರು, ಜಮೀನ್ದಾರರು, ಪತ್ರಿಕೆಯವರು ನೂಲು ಕೊಂಡುತಂದು ಚಂದಾ ಕಟ್ಟಿದರು. ಯಾವುದೋ ಗುಡಿಸಲಿನಲ್ಲಿ ಒಬ್ಬಳು ನೂತದ್ದು ಲಡಿಯಾಗಿ, ಪೇಟೆಗೆ ಬಂದು, ದೊಡ್ಡವರೊಬ್ಬರ ಹೆಸರಿನ ಮುಂದೆ ಜಮೆಯಾಯಿತು. ಯಾರ ಬೆರಳು ನೋಯಬೇಕೆಂದು ನಿಯಮ ಮಾಡಿದರೋ ಅವರ ಬೆರಳು ನೋಯಲಿಲ್ಲ. ಎಷ್ಟೋ ಜನ ಅಷ್ಟು ಕಷ್ಟವನ್ನೂ ಪಡಲಿಲ್ಲ, ಸದಸ್ಯತ್ವವನ್ನೇ ಬಿಟ್ಟರು. 1925ರಲ್ಲಿ ಕಾಂಗ್ರೆಸ್ಸಿನ ಪಟ್ಟಿ ಸೊರಗಿತು. ಜೂನಿನಲ್ಲಿ ದಾಸರು ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಪಟ್ನಾದ ಸಭೆ ಮತ್ತೆ ನಾಲ್ಕಾಣೆಯನ್ನು ತಂದಿತು. ನಾಲ್ಕಾಣೆ ಅಥವಾ ನೂಲು, ನಿಮ್ಮಿಷ್ಟ. ಅದೇ ಸಭೆಯಲ್ಲಿ ಅಖಿಲ ಭಾರತ ಚರಕ ಸಂಘ ಹುಟ್ಟಿ, ನೂಲುವವರು ಒಂದು ಕಡೆ, ಸಭೆ ನಡೆಸುವವರು ಇನ್ನೊಂದು ಕಡೆ ಎಂದಾಯಿತು.

ಅದೇ ತಿಂಗಳು ರವೀಂದ್ರನಾಥ ಠಾಕೂರರು ಮಾಡರ್ನ್ ರಿವ್ಯೂ ಪತ್ರಿಕೆಯಲ್ಲಿ ಚರಕದ ಆರಾಧನೆಯನ್ನು ಟೀಕಿಸಿ ಬರೆದರು. ಒಂದೇ ಚಲನೆಯನ್ನು ಕೋಟಿ ಜನ ಮಾಡುತ್ತ ಕುಳಿತರೆ ಬುದ್ಧಿ ಮಂಕಾಗುತ್ತದೆ, ಮನುಷ್ಯ ಯಂತ್ರವಾಗುತ್ತಾನೆ, ಎಲ್ಲರಿಗೂ ಒಂದೇ ಮದ್ದು ಹಾಕಬೇಡಿ ಎಂಬುದು ಅವರ ವಾದದ ತಿರುಳು. ನವೆಂಬರಿನಲ್ಲಿ ಗಾಂಧೀಜಿ ಉತ್ತರ ಕೊಟ್ಟರು. ಕವಿ ಕವಿತೆ ಬಿಡಲಿ ಎಂದಾಗಲಿ ವಕೀಲ ಕೋರ್ಟು ಬಿಡಲಿ ಎಂದಾಗಲಿ ನಾನು ಹೇಳುತ್ತಿಲ್ಲ, ದಿನಕ್ಕೆ ಅರ್ಧ ಗಂಟೆ ಕೇಳುತ್ತಿದ್ದೇನೆ ಎಂಬುದು ಉತ್ತರದ ಸಾರ. ಈ ಜಗಳವನ್ನು ತರಗತಿಯಲ್ಲಿ ಪಾಠ ಮಾಡುವಾಗ ನಾನು ಬಹಳ ವರ್ಷ ಠಾಕೂರರ ಪಕ್ಷ. ಈಗಲೂ ಅವರ ಮಾತನ್ನು ತಳ್ಳಿಹಾಕಲಾರೆ. ಅಭ್ಯಾಸವನ್ನು ಹುಕುಂ ಮಾಡಿದರೆ ಆಗುವುದು ಅವರು ಹೇಳಿದ್ದೇ. ಆದರೆ ಒಂದು ಪ್ರಶ್ನೆ ನನ್ನಲ್ಲಿ ಉಳಿದುಕೊಂಡಿತು. ಹುಕುಂ ಹೋದ ಮೇಲೂ, ನಾಲ್ಕಾಣೆ ಸಾಕು ಎಂದಾದ ಮೇಲೂ, ದಿನಾ ಮಾಡಿದವರು ಯಾರು? ಅವರು ಏನಾದರು?

ಬೆಳಗಾವಿಯ ಅಧಿವೇಶನಕ್ಕೇ ಮರಳುತ್ತೇನೆ, ಉತ್ತರದ ಒಂದು ಭಾಗ ಅಲ್ಲಿಯೇ ಇದೆ. ಅದನ್ನು ನಡೆಸಿದವರು ಗಂಗಾಧರರಾವ್ ದೇಶಪಾಂಡೆ, ಬೆಳಗಾವಿಯ ಹತ್ತಿರದ ಹುದಲಿಯವರು. ವತನದಾರ ಮನೆತನ, ಮೊದಲು ತಿಲಕರ ಅನುಯಾಯಿ. ಗುಡುಗುವ ಭಾಷಣಕಾರರನ್ನು ಕೇಸರಿ, ಸಿಂಹ ಎಂದು ಕರೆಯುವುದು ಆ ಕಾಲದ ರೂಢಿ. ಇವರಿಗೂ ಕರ್ನಾಟಕ ಕೇಸರಿ ಎಂಬ ಬಿರುದಿತ್ತು. ಬೆಳಗಾವಿಯ ನಂತರ ಅವರು ಖಾದಿಗೆ ಅಂಟಿಕೊಂಡರು. ಜನ ಅವರನ್ನು ಕರ್ನಾಟಕದ ಖಾದಿ ಭಗೀರಥ ಎನ್ನತೊಡಗಿದರು. ಕೇಸರಿಯಿಂದ ಭಗೀರಥನಾಗುವುದು ಸಣ್ಣ ಬದಲಾವಣೆಯಲ್ಲ. ಒಬ್ಬನ ಕೆಲಸ ಗರ್ಜನೆ, ಇನ್ನೊಬ್ಬನದು ನೀರು ತರುವುದು. ಸಭೆಗಳಲ್ಲಿ ಹೂವಿನ ಹಾರ ಹಾಕಿಸಿಕೊಂಡು ರೂಢಿಯಿದ್ದ ಆ ದೇಶಗತಿ ಮನೆತನದವರು ಹತ್ತಿ, ಹಂಜಿ, ನೂಲು, ಮಗ್ಗ ಎಂದು ಓಡಾಡಿದರು. 1937ರ ಏಪ್ರಿಲಿನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನಕ್ಕೆ ಗಾಂಧೀಜಿ ಹುದಲಿಗೇ ಬಂದರು. ಅಧಿವೇಶನ ನಡೆದ ದೊಡ್ಡ ಊರಿಗಲ್ಲ, ನೂಲುವ ಹಳ್ಳಿಗೆ.

ಇನ್ನೊಬ್ಬರು ಉಮಾಬಾಯಿ ಕುಂದಾಪುರ. ಇವರ ಬಗ್ಗೆ ನಮ್ಮ ಪಠ್ಯಪುಸ್ತಕಗಳು ಹೇಳುವುದು ಬಹಳ ಕಡಿಮೆ, ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದವರು. ಎಳೆಯ ವಯಸ್ಸಿನಲ್ಲೇ ಮದುವೆ. ಓದು ಮುಂದುವರಿಸಲು, ಹೆಣ್ಣುಮಕ್ಕಳಿಗೆ ಕಲಿಸಲು ಒತ್ತಾಸೆಯಾಗಿ ನಿಂತವರು ಮಾವ ಆನಂದರಾವ್. ಗಂಡ ತೀರಿಕೊಂಡ ಮೇಲೆ ಮಾವನ ಜೊತೆ ಹುಬ್ಬಳ್ಳಿಗೆ ಬಂದರು. ಹುಬ್ಬಳ್ಳಿಯಲ್ಲಿ ಡಾ. ನಾ. ಸು. ಹರ್ಡೀಕರರು ಸ್ವಯಂಸೇವಕರ ಪಡೆ ಕಟ್ಟುತ್ತಿದ್ದ ಕಾಲ. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಹುಡುಗರು ಜೈಲಿನಲ್ಲಿ ಕ್ಷಮೆ ಕೇಳಲು ಒಪ್ಪದೆ ಹೆಸರಾಗಿದ್ದರು. ಅದೇ ವರ್ಷ ಕಾಕಿನಾಡದಲ್ಲಿ ಹಿಂದೂಸ್ಥಾನಿ ಸೇವಾದಳ ಹುಟ್ಟಿತ್ತು. ಹರ್ಡೀಕರರು ಮಹಿಳಾ ವಿಭಾಗವನ್ನು ಉಮಾಬಾಯಿಯವರಿಗೆ ಒಪ್ಪಿಸಿದರು.

ಬೆಳಗಾವಿ ಅಧಿವೇಶನಕ್ಕೆ ಅವರು ಊರೂರು ತಿರುಗಿ ನೂರೈವತ್ತಕ್ಕೂ ಹೆಚ್ಚು ಹೆಂಗಸರನ್ನು ಕರೆತಂದರು. ಅವರಲ್ಲಿ ವಿಧವೆಯರು ಬಹಳ. ಅಂದಿನ ಮನೆಗಳಲ್ಲಿ ವಿಧವೆ ಎಂದರೆ ಒಳಮನೆಯ ಕತ್ತಲು. ಅಂಥವರು ಬೆಳಗಾವಿಯಲ್ಲಿ ಸಾಲಾಗಿ ನಿಂತು ಹಾಜರಿ ಕೊಟ್ಟರು, ಅಡುಗೆ ಬಡಿಸಿದರು, ಗುಂಪು ನಿಯಂತ್ರಿಸಿದರು, ಕಸ ಗುಡಿಸಿದರು. ವೇದಿಕೆಯ ಮೇಲೆ ಯಾರು ಏನು ಭಾಷಣ ಮಾಡಿದರೆಂಬುದಕ್ಕಿಂತ ಇದು ದೊಡ್ಡ ಘಟನೆ ಎಂದು ನನ್ನ ಎಣಿಕೆ. ಒಬ್ಬ ಹೆಂಗಸು ಬೆಳಗ್ಗೆ ಎದ್ದು ನಾಲ್ಕು ಜನರ ಎದುರಿಗೆ ತನ್ನ ಹೆಸರು ಕೂಗಿದಾಗ ಹಾಜರ್ ಎನ್ನುವುದು ಎಷ್ಟು ಸಣ್ಣ ಅಭ್ಯಾಸ! ಅದನ್ನು ಎಂದೂ ಮಾಡದವಳಿಗೆ ಅದು ಎಷ್ಟು ದೊಡ್ಡದು.

ಉಮಾಬಾಯಿ ಆಮೇಲೂ ಅದೇ ದಾರಿಯಲ್ಲಿ ನಡೆದರು. ಜೈಲು ಕಂಡರು. 1934ರ ಬಿಹಾರ ಭೂಕಂಪದ ನಿರಾಶ್ರಿತರ ಶಿಬಿರಗಳಲ್ಲಿ ದುಡಿದರು. ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಯ ಹೊಣೆ ಹೊತ್ತು ಹಳ್ಳಿಯ ಹೆಣ್ಣುಮಕ್ಕಳನ್ನು ತಯಾರು ಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ ಹುದ್ದೆ ಬೇಡ ಎಂದರು, ತಾಮ್ರಪತ್ರ ಬೇಡ ಎಂದರು, ಪಿಂಚಣಿಯೂ ಬೇಡ ಎಂದರು. ಹುಬ್ಬಳ್ಳಿಯ ಒಂದು ಸಣ್ಣ ಮನೆಯಲ್ಲಿ ಇದ್ದರು. ಮನೆಯ ಹೆಸರು ಆನಂದಸ್ಮೃತಿ, ಮಾವನ ನೆನಪಿಗೆ.

ಇವರಿಬ್ಬರಲ್ಲಿ ಯಾರೂ ನಾಯಕರಾಗಬೇಕೆಂದು ಅಭ್ಯಾಸ ಮಾಡಿದವರಲ್ಲ. ಅವರ ದಿನದ ಕೆಲಸಕ್ಕೆ ಆಚೆ ಬದಿಯಲ್ಲಿ ಯಾರೋ ಒಬ್ಬರು ಕಾಯುತ್ತಿದ್ದರು. ನೂಲಿಗಾಗಿ ನೇಕಾರ, ಪಾಠಕ್ಕಾಗಿ ವಿಧವೆ, ಗಂಜಿಗಾಗಿ ನಿರಾಶ್ರಿತ. ಒಂದು ದಿನ ತಪ್ಪಿದರೆ ಚೌಕ ಖಾಲಿ ಉಳಿಯುತ್ತಿರಲಿಲ್ಲ, ಒಬ್ಬ ಮನುಷ್ಯ ಖಾಲಿ ಕೈಯಲ್ಲಿ ಹಿಂದಕ್ಕೆ ಹೋಗುತ್ತಿದ್ದ. ಸಣ್ಣ ಅಭ್ಯಾಸಗಳ ಬಗ್ಗೆ ಇಂದು ಮಾರಾಟವಾಗುವ ಪುಸ್ತಕಗಳಲ್ಲಿ ನನಗೆ ಸಿಗದ ವಿಷಯ ಇದು. ಅಲ್ಲಿ ಅಭ್ಯಾಸ ನನ್ನದು, ಲಾಭ ನನ್ನದು, ಹಾಳೆಯೂ ನನ್ನದೇ.

ಈಗ ನನ್ನ ಹಾಳೆಯ ವಿಚಾರ. ಮೊದಲ ಆರು ದಿನ ಚೆನ್ನಾಗಿ ನಡೆಯಿತು. ಆಮೇಲೆ ಆಂತರಿಕ ಅಂಕಗಳ ಕೆಲಸ ಬಂತು, ಸಮಿತಿಯೊಂದರ ಭೇಟಿ ಬಂತು. ಮೂವತ್ತನೆಯ ದಿನ ಕಚೇರಿಯವರು ಫೋನ್ ಮಾಡಿದಾಗ ಹಾಳೆಯಲ್ಲಿ ಎಂಟು ಟಿಕ್ ಇದ್ದವು. ಉಳಿದ ಇಪ್ಪತ್ತೆರಡನ್ನು ಒಂದೇ ಪೆನ್ನಿನಲ್ಲಿ, ಚಹಾ ಕುಡಿಯುತ್ತ ಹಾಕಿದೆ. ಒಂದೇ ಪೆನ್ನೆಂದು ಗೊತ್ತಾಗಬಾರದೆಂದು ನಡುವೆ ಎರಡು ದಿನ ಬೇಕೆಂದೇ ಖಾಲಿ ಬಿಟ್ಟೆ. ವಿಭಾಗದ ಮುಖ್ಯಸ್ಥರಲ್ಲಿ ನನ್ನದೇ ಒಳ್ಳೆಯ ಹಾಳೆ ಎಂದು ಪ್ರಾಂಶುಪಾಲರು ಹೊಗಳಿದರು.

ಆ ತಿಂಗಳು ಎರಡನೆಯ ವರ್ಷದ ಒಬ್ಬ ಹುಡುಗಿ ಮೂರು ಸಲ ನನ್ನ ಕೋಣೆಯ ಬಾಗಿಲಿಗೆ ಬಂದಿದ್ದಳು. ಮೂರು ಸಲವೂ ನಾನು ತಲೆ ಎತ್ತದೆ, ನಾಳೆ ಬಾರಮ್ಮ, ಎಂದಿದ್ದೆ. ಪರೀಕ್ಷೆಯ ಶುಲ್ಕ ಕಟ್ಟಿದವರ ಪಟ್ಟಿ ಸಹಿಗೆ ಬಂದಾಗ ಅವಳ ಹೆಸರು ಇರಲಿಲ್ಲ. ಹಾಜರಿ ತೆಗೆದು ನೋಡಿದೆ. ಅವಳು ಕೊನೆಯ ಸಲ ತರಗತಿಗೆ ಬಂದ ದಿನ ನನ್ನ ಹಾಳೆಯಲ್ಲಿ ಟಿಕ್ ಇತ್ತು.

ಮನಸ್ಸಿಲ್ಲದಿದ್ದರೆ ಎಂಬ ಪದಕ್ಕೆ ನಾನು ನಕ್ಕಿದ್ದೆನಲ್ಲ, ಕಲ್ಕತ್ತೆಯ ಆ ದೊಡ್ಡ ಮನುಷ್ಯರು ಕೊನೆಯ ಪಕ್ಷ ಅದನ್ನು ಕಾಗದದ ಮೇಲೆ ಬರೆದಿದ್ದರು.

ದಸರಾ ರಜೆಯಲ್ಲಿ ಬೆಳಗಾವಿಗೆ ಹೋದಾಗ ಅಜ್ಜಿಯ ಟ್ರಂಕಿನಲ್ಲಿದ್ದ ತಕಲಿಯನ್ನು ಚೀಲದಲ್ಲಿ ಹಾಕಿಕೊಂಡು, ಹಳ್ಳಿಯ ಒಂದು ಖಾದಿ ಕೇಂದ್ರದಲ್ಲಿ ಮೂವತ್ತು ವರ್ಷದಿಂದ ನೂಲುತ್ತಿರುವ ಒಬ್ಬ ಹಿರಿಯ ಹೆಂಗಸನ್ನು ಕಂಡೆ. ಕಲಿಸಿ ಎಂದೆ. ಎಡಗೈಯಲ್ಲಿ ಹಂಜಿ, ಬಲಗೈಯಲ್ಲಿ ತಕಲಿ. ನಾನು ಎಳೆದಾಗಲೆಲ್ಲ ದಾರ ಹರಿಯಿತು.

"ಬಾಯಾರ, ಎಳೀಬ್ಯಾಡ್ರಿ. ಅದು ತಾನ ಬರತೈತಿ, ನೀವು ಬಿಡಬೇಕಷ್ಟ," ಎಂದರು ಆಕೆ.

ಅರ್ಧ ಗಂಟೆಯಲ್ಲಿ ಆದದ್ದು ನಾಲ್ಕು ಗಜವೂ ಇರಲಿಕ್ಕಿಲ್ಲ, ಅದೂ ಗಂಟುಗಂಟಾಗಿ. 67 ಎಲ್ಲಿ, ನಾಲ್ಕು ಎಲ್ಲಿ! ಬೆನ್ನು ಹಿಡಿದುಕೊಂಡಿತು. ಇದನ್ನು ದಿನಾ ಎಂಟು ತಾಸು ಮಾಡಿದರೆ ನಿಮಗೆ ಎಷ್ಟು ಸಿಗುತ್ತದೆ ಎಂದು ಕೇಳಿದೆ. ಹೇಳಿದರು. ನಾನು ಮತ್ತೆ ಏನೂ ಕೇಳಲಿಲ್ಲ.

ಊರಿಗೆ ಮರಳಿದ ಮೇಲೆ ಕಚೇರಿಯಿಂದ ಆ ಹುಡುಗಿಯ ಮನೆಯ ನಂಬರು ತೆಗೆದುಕೊಂಡೆ. ತಾಯಿ ಫೋನ್ ಎತ್ತಿದರು. ಹುಡುಗಿ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು, ಭಾನುವಾರ ಮಧ್ಯಾಹ್ನ ಮಾತ್ರ ಬಿಡುವು. ಭಾನುವಾರ ಹೋದೆ. ತಂದೆಗೆ ಪಾರ್ಶ್ವವಾಯು ಹೊಡೆದು ನಾಲ್ಕು ತಿಂಗಳಾಗಿತ್ತು. ಅವಳು ಮೊದಲು ಹೆಚ್ಚು ಮಾತಾಡಲಿಲ್ಲ. ಚಹಾ ತಂದುಕೊಟ್ಟು ಬಾಗಿಲಿಗೆ ಒರಗಿ ನಿಂತಳು. ನಾನು ಸುಮ್ಮನೆ ಕೂತಿದ್ದೆ. ಬಹಳ ಹೊತ್ತಾದ ಮೇಲೆ ಮಾತು ಶುರು ಮಾಡಿದಳು. ಆ ವರ್ಷದ ಪರೀಕ್ಷೆಯ ಗಡುವು ಮುಗಿದಿತ್ತು. ಮುಂದಿನ ವರ್ಷದ ಮರುಪ್ರವೇಶದ ಅರ್ಜಿಯನ್ನು ನಾನು ಒಯ್ದಿದ್ದೆ. ಅವಳು ಅದನ್ನು ಓದಿ, ಮಡಚಿ, ಟಿವಿಯ ಪಕ್ಕ ಇಟ್ಟಳು. ಈ ಜೂನಿನಲ್ಲಿ ಅದು ತುಂಬಿ ಬರಬೇಕು.